ಎರಡು ಸೆಟ್ ಗೆದ್ದವನು ಯಾಕೆ ಎದ್ದು ಹೋದ?

2025ರ ಜುಲೈ 8, ಮಂಗಳವಾರ. ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಬಲ ಮೊಣಕೈ ನೋವೆಂದು ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದಿದ್ದರು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಆ ಎರಡು ದಿನದಲ್ಲೇ ಇಡೀ ತೋಟಕ್ಕೆ ಕೊಳೆರೋಗದ ಮದ್ದು ಬಿಟ್ಟು ಮುಗಿಸಿದ್ದರು. ಮೊದಲ ದಿನ ಸಂಜೆಯೇ ಕೈ ನೋಯತೊಡಗಿತ್ತು. ಎರಡನೆಯ ದಿನವೂ ದೋಟಿ, ಎಂದರೆ ಮರದ ತುದಿಗೆ ಮದ್ದು ಸಿಂಪಡಿಸುವ ಉದ್ದ ಕೋಲು, ಕೆಳಗಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾದ ಲೋಟ ಎತ್ತಲು ಆಗಲಿಲ್ಲ.

ಅವರಿಗೆ ಟೆನಿಸ್ ಹುಚ್ಚು. ಕುಳಿತವರೇ ಎಡಗೈಯಲ್ಲಿ ಮೊಬೈಲ್ ಹಿಡಿದು ಹಿಂದಿನ ರಾತ್ರಿಯ ವಿಂಬಲ್ಡನ್ ತುಣುಕು ತೋರಿಸಿದರು. “ನೋಡಿ ಡಾಕ್ಟರೇ, ಎರಡು ಸೆಟ್ ಗೆದ್ದವನು ಎದ್ದು ಹೋದನಲ್ಲ! ಇನ್ನೊಂದೇ ಸೆಟ್ ಬೇಕಿತ್ತು. ಹಲ್ಲು ಕಚ್ಚಿ ಆಡಿ ಮುಗಿಸಬಾರದಿತ್ತೇ?”

ತೋಟದಲ್ಲಿ ಅವರು ಮಾಡಿದ್ದೂ ಅದನ್ನೇ, ಹಲ್ಲು ಕಚ್ಚಿ ಮುಗಿಸಿದ್ದು. ಅದಕ್ಕೇ ಅವರ ಪ್ರಶ್ನೆಗೆ ಇಲ್ಲಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಎದ್ದು ಹೋದವನು ಬಲ್ಗೇರಿಯಾದ ಗ್ರಿಗೊರ್ ಡಿಮಿಟ್ರೊವ್. ಅದು ಪುರುಷರ ಸಿಂಗಲ್ಸ್‌ನ ನಾಲ್ಕನೇ ಸುತ್ತು, ಎದುರಿಗೆ ವಿಶ್ವದ ಮೊದಲ ಕ್ರಮಾಂಕದ ಯಾನಿಕ್ ಸಿನ್ನರ್. 6-3, 7-5ರಿಂದ ಎರಡು ಸೆಟ್ ಡಿಮಿಟ್ರೊವ್ ಕೈಯಲ್ಲಿದ್ದವು, ಮೂರನೆಯದು 2-2. ಸರ್ವ್ ಮಾಡಿದ ಬೆನ್ನಿಗೇ ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದ. ಸರ್ವ್ ಮಾಡುವಾಗ ತೋಳು ತಲೆಯ ಹಿಂದಕ್ಕೆ ಹೋಗಿ ತಿರುಚಿಕೊಳ್ಳುತ್ತದೆ, ಎದೆಯ ದೊಡ್ಡ ಸ್ನಾಯು ಬಿಲ್ಲಿನ ಹೆದೆಯಂತೆ ಬಿಗಿಯುತ್ತದೆ. ಮರುಕ್ಷಣವೇ ಅದು ಕುಗ್ಗಿ ತೋಳನ್ನು ಮುಂದಕ್ಕೆ ಎಸೆಯಬೇಕು. ಎಳೆತದ ತುದಿಯಲ್ಲಿರುವ ಸ್ನಾಯುವಿಗೆ ಆ ಹೊತ್ತಿನಲ್ಲೇ ಎಲ್ಲಕ್ಕಿಂತ ಹೆಚ್ಚು ಬಲ ಬೀಳುತ್ತದೆ. ಅಲ್ಲಿ ಎಳೆ ಹರಿದರೆ ಮುಂದಿನ ಸರ್ವ್ ಎಂಬುದಿಲ್ಲ. ಹರಿದ ಬಟ್ಟೆಯನ್ನು ಹಿಡಿದೆಳೆದರೆ ಇನ್ನಷ್ಟು ಹರಿಯುವಂತೆ ಇದೂ ಹರಿಯುತ್ತದೆ.

ಆಟಗಾರ ಕೈ ಎತ್ತಿ ಕರೆದಾಗ ಅಂಗಳಕ್ಕೆ ಚೀಲ ಹೊತ್ತು ಓಡಿ ಬರುವವರು ನನ್ನ ವೃತ್ತಿಯವರು. ಟಿವಿಯಲ್ಲಿ ನೋಡುವವರಿಗೆ ಅವರು ಕಾಲು ತಿಕ್ಕುವುದಷ್ಟೇ ಕಾಣುತ್ತದೆ. ನನ್ನ ಕಣ್ಣು ಅವರ ತುಟಿಯ ಮೇಲಿರುತ್ತದೆ, ಏನು ಕೇಳುತ್ತಿದ್ದಾರೆ ಎಂದು. ನೋವು ಒಂದೇ ಹೊಡೆತಕ್ಕೆ ಬಂತೇ, ನಿಧಾನವಾಗಿ ಏರಿತೇ? ಒಂದು ಬೆರಳಲ್ಲಿ ತೋರಿಸಬಲ್ಲೆಯಾ, ಅಂಗೈಯಿಡೀ ಸವರಿ ತೋರಿಸಬೇಕೇ? ನಾನು ಹಿಡಿದಾಗ ಎದುರು ಒತ್ತಿದರೆ ನೋಯುತ್ತದೆಯೇ? ಪರೀಕ್ಷೆ ಮುಗಿದ ಮೇಲೆ ಚಿಕಿತ್ಸೆಗೆ ಸಿಗುವುದು ಮೂರು ನಿಮಿಷ. ಅದಕ್ಕೂ ಮೊದಲೇ ಇದು ದಣಿವೋ, ಸೆಳೆತವೋ, ಗಾಯವೋ ಎಂದು ತೀರ್ಮಾನವಾಗಬೇಕು. ಮೂರೂ ನೋಯುತ್ತವೆ, ಮೂರಕ್ಕೂ ಮುಖ ಕಿವುಚುವುದು ಒಂದೇ ರೀತಿ. ಆದರೆ ದಣಿದವನನ್ನು ಆಡಿಸಬಹುದು, ಸೆಳೆತ ಬಂದವನನ್ನು ಕಾಯಿಸಬಹುದು, ಗಾಯವಾದವನನ್ನು ನಿಲ್ಲಿಸಲೇಬೇಕು.

ಸೆಳೆತದ ಮಾತಿಗೆ 2023ರ ಫ್ರೆಂಚ್ ಓಪನ್ ಸೆಮಿಫೈನಲ್ ನೆನಪಾಗುತ್ತದೆ. ಇಪ್ಪತ್ತರ ಹರೆಯದ ಕಾರ್ಲೋಸ್ ಅಲ್ಕರಾಜ್, ಎದುರಿಗೆ ನೊವಾಕ್ ಜೊಕೊವಿಚ್. ಒಂದೊಂದು ಸೆಟ್ ಸಮ, ಮೂರನೆಯದರಲ್ಲಿ 1-1. ಆಗ ಅಲ್ಕರಾಜ್‌ನ ಕಾಲು ಹಿಡಿದುಕೊಂಡಿತು. ಬರಿಯ ಸೆಳೆತಕ್ಕೆ ಆ ಮೂರು ನಿಮಿಷದ ವಿರಾಮ ಕೊಡುವ ನಿಯಮವಿಲ್ಲ. ಬದಿ ಬದಲಿಸುವಾಗಿನ 90 ಸೆಕೆಂಡು, ಸೆಟ್ ಮುಗಿದಾಗಿನ 120 ಸೆಕೆಂಡು, ಅಷ್ಟರಲ್ಲೇ ಉಪಚಾರ. ಅಲ್ಲಿಯ ತನಕ ತಡೆಯಲಾಗದಿದ್ದರೆ ಗೇಮ್ ಬಿಟ್ಟುಕೊಡಬೇಕು. ಅವನು ಹಾಗೇ ಗೇಮ್ ಬಿಟ್ಟುಕೊಟ್ಟು ಕುರ್ಚಿಗೆ ಹೋದ. ಉಳಿದ ಎರಡು ಸೆಟ್ 6-1, 6-1ರಿಂದ ಜೊಕೊವಿಚ್ ಪಾಲಾದವು. ಆ ಮೇಲೆ ಅಲ್ಕರಾಜ್ ಕಾರಣ ಹೇಳುವಾಗ ಬಿಸಿಲನ್ನು ದೂರಲಿಲ್ಲ, ತನ್ನೊಳಗಿನ ಉದ್ವೇಗವನ್ನು ಹೇಳಿದ. ನನಗೆ ಅದು ಪೂರ್ತಿ ಒಪ್ಪಿಗೆ. ಬೆವರಿನೊಡನೆ ಉಪ್ಪು ಹೋಗುವುದು ಒಂದು ಕಾರಣವಾದರೆ, ಬಿಗಿದುಕೊಂಡೇ ಆಡಿದ ದೇಹ ಬೇಗ ದಣಿಯುವುದು ಇನ್ನೊಂದು. ದಣಿದ ಸ್ನಾಯುವಿಗೆ ಸಡಿಲಿಸು ಎಂಬ ಸಂದೇಶ ಸರಿಯಾಗಿ ತಲುಪುವುದಿಲ್ಲ.

ನಮ್ಮ ಕಡೆಯ ಯಕ್ಷಗಾನ ಮೇಳಗಳ ಪುಂಡುವೇಷಧಾರಿಗಳನ್ನು ಕೇಳಿ. ತಿರುಗಾಟದ ನಡುವಿನಲ್ಲಿ ರಾತ್ರಿಯಿಡೀ ಹಾರಿ ತಿರುಗುವ ಧೀಂಗಿಣ ಹಾಕಿದರೂ ಏನೂ ಆಗದವನಿಗೆ, ಮಳೆಗಾಲದ ಬಿಡುವು ಕಳೆದು ಮೊದಲ ಆಟಕ್ಕೆ ಗೆಜ್ಜೆ ಕಟ್ಟಿದ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಅವರಿಗೆ ನಾನು ಹೇಳುವುದು ಸರಳ: ಹಿಡಿದ ಕೂಡಲೇ ತಿಕ್ಕಬೇಡಿ, ಪಾದದ ಬೆರಳುಗಳನ್ನು ನಿಮ್ಮತ್ತ ಎಳೆದು ಮೀನಖಂಡವನ್ನು ನಿಧಾನವಾಗಿ ನೀಳಗೊಳಿಸಿ, ಸಡಿಲಾದ ಮೇಲೆ ಉಪ್ಪು ಹಾಕಿದ ಗಂಜಿತಿಳಿ ಕುಡಿಯಿರಿ.

ಇನ್ನು ದಣಿವು. ವಿಂಬಲ್ಡನ್, ಫ್ರೆಂಚ್ ಓಪನ್‌ನಂಥ ಗ್ರ್ಯಾನ್‌ಸ್ಲಾಮ್ ಟೂರ್ನಿಗಳ ಪುರುಷರ ಸಿಂಗಲ್ಸ್‌ನ ನಿಜವಾದ ಕಷ್ಟ ಇರುವುದು ಇದರಲ್ಲಿ. 128 ಮಂದಿಯಿಂದ ಆರಂಭ, ಗೆಲ್ಲಬೇಕಾದವನಿಗೆ ಏಳು ಪಂದ್ಯ, ಪ್ರತಿಯೊಂದೂ ಐದು ಸೆಟ್‌ಗಳವರೆಗೆ ಹೋಗಬಹುದು. ವರ್ಷದ ಉಳಿದ ಟೂರ್ನಿಗಳಲ್ಲಿ ಮೂರೇ ಸೆಟ್. ಹಾಗಾಗಿ ಎರಡು ವಾರದ ಈ ಸ್ಪರ್ಧೆಯಲ್ಲಿ ಅಂಗಳದಲ್ಲಿ ಏನಾಯಿತು ಎಂಬುದರಷ್ಟೇ ತೂಕ, ಪಂದ್ಯವಿಲ್ಲದ ದಿನ ದೇಹ ಎಷ್ಟು ಚೇತರಿಸಿಕೊಂಡಿತು ಎಂಬುದಕ್ಕೂ ಇದೆ.

2010ರ ವಿಂಬಲ್ಡನ್ ಮೊದಲ ಸುತ್ತನ್ನು ಮರೆತವರಿಲ್ಲ. ಜಾನ್ ಇಸ್ನರ್ ಮತ್ತು ನಿಕೊಲಾಸ್ ಮಾಹುತ್ ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಆಡಿದರು. ಐದನೇ ಸೆಟ್ ಒಂದೇ 8 ಗಂಟೆ 11 ನಿಮಿಷ, ಗೇಮ್ ಲೆಕ್ಕ 70-68. ಇಸ್ನರ್ ಗೆದ್ದ. ಅವನು ಸಿಡಿಸಿದ ಏಸ್‌ಗಳು, ಎಂದರೆ ಎದುರಾಳಿಯ ರ್ಯಾಕೆಟ್‌ಗೆ ತಾಗದೇ ಹೋದ ಸರ್ವ್‌ಗಳು, 113. ಎಲ್ಲರೂ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಅದರ ಮರುದಿನ. ಇಸ್ನರ್ ಎರಡನೇ ಸುತ್ತಿಗೆ ಇಳಿದ. ಕೇವಲ 74 ನಿಮಿಷಗಳಲ್ಲಿ 6-0, 6-3, 6-2ರಿಂದ ಡಚ್ ಆಟಗಾರ ಥೀಮೊ ಡಿ ಬಕ್ಕರ್‌ಗೆ ಸೋತ. ಒಂದೇ ಒಂದು ಏಸ್ ಇಲ್ಲ. ಸರ್ವ್ ಮಾಡುವ ಕಲೆ ಒಂದು ರಾತ್ರಿಯಲ್ಲಿ ಮರೆತುಹೋಗುವಂಥದ್ದೇ? ಆ ಹೊಡೆತಕ್ಕೆ ಬಲ ಕೊಡುವ ಕಾಲು, ಸೊಂಟ, ಭುಜಗಳಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೆ. 2018ರ ಸೆಮಿಫೈನಲ್‌ನಲ್ಲಿ ಇದೇ ಇಸ್ನರ್‌ನನ್ನು 6 ಗಂಟೆ 36 ನಿಮಿಷ ಆಡಿ ಸೋಲಿಸಿದ ಕೆವಿನ್ ಆಂಡರ್ಸನ್ ಕೂಡ ಫೈನಲ್‌ನ ಮೊದಲ ಎರಡು ಸೆಟ್‌ಗಳಲ್ಲಿ ತಲಾ ಎರಡೇ ಗೇಮ್ ಗೆದ್ದ. ಮುಂದಿನ ವರ್ಷ ವಿಂಬಲ್ಡನ್ ಐದನೇ ಸೆಟ್‌ಗೆ 12-12ರಲ್ಲಿ ಟೈಬ್ರೇಕ್, ಎಂದರೆ ಸೆಟ್ ಅಲ್ಲಿಗೇ ಮುಗಿಸುವ ನಿರ್ಣಾಯಕ ಗೇಮ್, ತಂದಿತು. 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ 6-6ಕ್ಕೇ ಹತ್ತು ಅಂಕಗಳ ಟೈಬ್ರೇಕ್. ರೋಚಕತೆ ಕಡಿಮೆಯಾಯಿತೆಂದು ಕೊರಗುವವರಿದ್ದಾರೆ. ನನಗೆ ಆ ಕೊರಗಿಲ್ಲ. ಎದುರಾಳಿಯ ಮುಂದೆ ಖಾಲಿ ದೇಹವನ್ನು ನಿಲ್ಲಿಸುವುದು ಆಟವಾಗುವುದಿಲ್ಲ.

“ಹಾಗಾದರೆ ಜೊಕೊವಿಚ್ ಗಾಯವಿದ್ದೂ ಆಡುತ್ತಾನಲ್ಲ?” ಎಂದು ನನ್ನ ಕೃಷಿಕರು ಬಿಡಲಿಲ್ಲ. ನಿಜ. 2024ರ ಫ್ರೆಂಚ್ ಓಪನ್ ನಾಲ್ಕನೇ ಸುತ್ತಿನಲ್ಲಿ ಬಲ ಮೊಣಕಾಲಿನ ಒಳಗಿನ ಮೃದ್ವಸ್ಥಿ ಹರಿದೂ ಐದು ಸೆಟ್ ಆಡಿ ಗೆದ್ದ. ಆದರೆ ಮರುದಿನ ಸ್ಕ್ಯಾನ್ ವರದಿ ಕಂಡ ಮೇಲೆ ಕ್ವಾರ್ಟರ್ ಫೈನಲ್ ಬಿಟ್ಟ, ಅದರ ಮರುದಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆ ಮೂರು ದಿನಗಳ ವೇಗ ನೋಡಿ. ಆರು ವಾರದೊಳಗೆ ವಿಂಬಲ್ಡನ್ ಫೈನಲ್‌ನಲ್ಲಿ ನಿಂತದ್ದು ಅದರಿಂದಾಗಿ. ನಮ್ಮಲ್ಲಿ ನೋವು ಬಂದು ಮೂರು ತಿಂಗಳಾದ ಮೇಲೆ, ಊರಿನ ಎಲ್ಲ ಎಣ್ಣೆ ಹಚ್ಚಿ ಮುಗಿದ ಮೇಲೆ ಬರುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಮಳೆ ಬಿಟ್ಟ ಎರಡು ದಿನ ಕೈತಪ್ಪಿದರೆ ಕೊಳೆರೋಗ ವರ್ಷದ ಫಸಲನ್ನೇ ಉದುರಿಸಿಬಿಡುತ್ತದೆ. ಅವರಿಗೆ ಪಂದ್ಯಗಳ ನಡುವೆ ಬಿಡುವಿನ ದಿನವಿಲ್ಲ.

ಅವರ ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡಿಸಿದೆ. ಮುಷ್ಟಿ ಕಟ್ಟಿ ಮಣಿಕಟ್ಟನ್ನು ಮೇಲೆತ್ತಲು ಹೇಳಿ, ನಾನು ಮೇಲಿನಿಂದ ಒತ್ತಿದೆ. ಮೊಣಕೈಯ ಹೊರಬದಿಯ ಗುಬುಟಿನ ಬಳಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚುರುಕ್ ಎಂದಿತು. ಕೈ ಹಿಂದಕ್ಕೆಳೆದರು. ಮಣಿಕಟ್ಟನ್ನು ಎತ್ತುವ ಸ್ನಾಯುಗಳ ರಜ್ಜು ಎಲುಬಿಗೆ ಅಂಟುವ ಜಾಗ ಅದು. ಹೆಸರು ಟೆನಿಸ್ ಎಲ್ಬೋ. ಟೆನಿಸ್ ಆಡಿದವರು ನನ್ನಲ್ಲಿಗೆ ಈ ನೋವಿನಿಂದ ಬಂದದ್ದು ಬೆರಳೆಣಿಕೆ. ಬರುವವರು ದೋಟಿ ಹಿಡಿಯುವವರು, ಅಡಿಕೆ ಸುಲಿಯುವವರು, ಬಟ್ಟೆ ಹಿಂಡುವವರು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿದೆ, ಅದು ಬಹಳ ದೊಡ್ಡ ಉಪಕಾರ. ಅದೇ ನಾರಿನಿಂದ ಮಾಡಿದ ಟೆನಿಸ್ ರ್ಯಾಕೆಟ್ 300 ಗ್ರಾಂ ಆಸುಪಾಸು ತೂಗುತ್ತದೆ. ದೋಟಿಯೋ ಕೆಲವು ಕಿಲೋ, ಉದ್ದ ಹತ್ತಾರು ಅಡಿ, ತುದಿಯಲ್ಲಿ ಮದ್ದಿನ ನಳಿಗೆ. ಅದು ವಾಲದಂತೆ ಹಿಡಿಯಲು ಮುಷ್ಟಿ ಬಿಗಿಯಬೇಕು. ಮುಷ್ಟಿ ಬಿಗಿದಾಗಲೆಲ್ಲ ಆ ನಾಣ್ಯದಗಲದ ಜಾಗ ಎಳೆಯಲ್ಪಡುತ್ತದೆ.

ಅವರು ಇಂಜೆಕ್ಷನ್ ಕೇಳಿದರು. ಸ್ಟೆರಾಯ್ಡ್ ಚುಚ್ಚಿದರೆ ಕೆಲವು ವಾರ ನೋವು ಅಡಗುತ್ತದೆ, ತಿಂಗಳುಗಳ ಮೇಲೆ ಮರುಕಳಿಸುವ ಸಾಧ್ಯತೆ ಮಾತ್ರ ಹೆಚ್ಚು ಎಂದು ತಿಳಿಸಿ ವ್ಯಾಯಾಮ ಕಲಿಸಿದೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೇಲೆತ್ತಿ, ನೋವಿನ ಕೈಯಿಂದಲೇ ಐದು ಎಣಿಸುವಷ್ಟು ನಿಧಾನವಾಗಿ ಇಳಿಸುವುದು. 15ರಂತೆ ಮೂರು ಸಲ, ದಿನಾ. ಮುಂದಿನ ಮದ್ದಿಗೆ ತೋಟವನ್ನು ನಾಲ್ಕು ಪಾಲು ಮಾಡಿ, ಮಗನೊಡನೆ ಸರದಿಯಲ್ಲಿ ದೋಟಿ ಹಿಡಿಯಿರಿ, ನಾಲ್ಕೈದು ಮರಕ್ಕೊಮ್ಮೆ ಅದನ್ನು ಮರಕ್ಕೆ ಆನಿಸಿ 90 ಸೆಕೆಂಡು ಕೈ ಬಿಡಿ ಎಂದೆ. ಆ 90 ಅವರಿಗೆ ಕೂಡಲೇ ಅರ್ಥವಾಯಿತು.

ಮುಂದಿನ ಸೋಮವಾರ ಮತ್ತೆ ಬಂದರು. ಹಿಂದಿನ ದಿನ ಸಿನ್ನರ್ ಅಲ್ಕರಾಜ್‌ನನ್ನು 4-6, 6-4, 6-4, 6-4ರಿಂದ ಸೋಲಿಸಿ ವಿಂಬಲ್ಡನ್ ಗೆದ್ದಿದ್ದ. ಸಿನ್ನರ್‌ನ ಬಲಗೈಗೆ ಬಿಳಿಯ ತೋಳುಪಟ್ಟಿ ಇತ್ತು, ಡಿಮಿಟ್ರೊವ್ ಎದುರಿನ ಪಂದ್ಯದಲ್ಲಿ ಬಿದ್ದು ಮೊಣಕೈ ಪೆಟ್ಟು ಮಾಡಿಕೊಂಡಿದ್ದನಲ್ಲ. “ಅಂಥದ್ದೊಂದು ನನಗೂ ಕೊಡಿ ಡಾಕ್ಟರೇ,” ಎಂದರು. ಅವನದ್ದು ಬಿದ್ದ ಪೆಟ್ಟು, ನಿಮ್ಮದು ಎಳೆದು ಎಳೆದು ಬಂದ ನೋವು, ಎರಡೂ ಬೇರೆ ಎಂದು ಹೇಳಿ, ಮೊಣಕೈಗಿಂತ ಎರಡು ಬೆರಳು ಕೆಳಗೆ ಕಟ್ಟುವ ಅಗಲ ಪಟ್ಟಿಯೊಂದನ್ನು ಅಳತೆ ನೋಡಿ ಕೊಟ್ಟೆ. ದೋಟಿ ಹಿಡಿಯುವಾಗ ಮಾತ್ರ ಕಟ್ಟಿ, ರಾತ್ರಿ ಮಲಗುವಾಗ ಬಿಚ್ಚಿಡಿ ಎಂದೆ. ಲೋಟ ಎತ್ತುತ್ತೀರಾ ಎಂದು ಕೇಳಿದ್ದಕ್ಕೆ, ತುಂಬಿದ್ದರೆ ಇನ್ನೂ ಎಡಗೈಯೇ ಎಂದರು.