ಗುಂಡು ಎಸೆತದಲ್ಲಿ ಗ್ಲೈಡ್ ಮಾಡುವ ಕೆಲಸ ಯಾವುದು?

ಗುಂಡು ಎಸೆತದ ವೃತ್ತದ ವ್ಯಾಸ 2.135 ಮೀಟರ್. ಪುರುಷರ 7.26 ಕಿಲೋಗ್ರಾಂ ಗುಂಡಾಗಲಿ, ಮಹಿಳೆಯರ 4 ಕಿಲೋಗ್ರಾಂ ಗುಂಡಾಗಲಿ, ಅದಕ್ಕೆ ವೇಗ ಕೊಡುವ ಕೆಲಸವೆಲ್ಲ ಈ ಇಕ್ಕಟ್ಟಿನ ಜಾಗದೊಳಗೇ ಮುಗಿಯಬೇಕು. ಜಾವೆಲಿನ್ ಎಸೆಯುವವರಿಗೆ ಓಡಿಬರಲು ಮೂವತ್ತು ಮೀಟರಿನಷ್ಟು ಹಾದಿ ಇರುತ್ತದೆ. ಗುಂಡು ಎಸೆಯುವವರಿಗೆ ಎರಡು ಹೆಜ್ಜೆಗೂ ಸಾಲದಷ್ಟು ನೆಲ, ಅದರ ಕೊನೆಯಲ್ಲಿ ಹತ್ತು ಸೆಂಟಿಮೀಟರ್ ಎತ್ತರದ ಸ್ಟಾಪ್ ಬೋರ್ಡ್. ನಾವು ಇದನ್ನು ಎಸೆತ ಎಂದು ಕರೆಯುತ್ತೇವಾದರೂ ನಿಯಮದ ಪ್ರಕಾರ ಇದು ಎಸೆತವಲ್ಲ, ನೂಕು. ಗುಂಡು ಕುತ್ತಿಗೆಗೆ ಅಥವಾ ಗದ್ದಕ್ಕೆ ತಾಗಿಕೊಂಡಂತೆ, ಇಲ್ಲವೇ ಅದಕ್ಕೆ ತೀರ ಹತ್ತಿರದಲ್ಲಿ ಇರಬೇಕು. ಭುಜಗಳ ಗೆರೆಯಿಂದ ಹಿಂದಕ್ಕೆ ಹೋಗಬಾರದು. ಕೈಯನ್ನು ಹಿಂದಕ್ಕೆಳೆದು ಬೀಸುವ ಅವಕಾಶವೇ ಇಲ್ಲದಿರುವುದರಿಂದ, ಗುಂಡಿನ ವೇಗ ಮುಖ್ಯವಾಗಿ ಕಾಲು, ಸೊಂಟ ಮತ್ತು ಬೆನ್ನಿನಿಂದ ಹುಟ್ಟಬೇಕಾಗುತ್ತದೆ. ಆ ವೇಗಕ್ಕೆ ತಳಹದಿ ಹಾಕಿಕೊಡುವ ಚಲನೆಯೇ ಗ್ಲೈಡ್, ಅಂದರೆ ಬೆನ್ನು ಮುಂದೆ ಮಾಡಿಕೊಂಡು ವೃತ್ತದ ಹಿಂಬದಿಯಿಂದ ಮಧ್ಯಕ್ಕೆ ಜಾರಿಬರುವ ಕ್ರಿಯೆ.

ಈ ಕ್ರಮಕ್ಕೆ ಇಂದಿನ ರೂಪ ಕೊಟ್ಟವರು ಅಮೆರಿಕದ ಪ್ಯಾರಿ ಓಬ್ರಿಯನ್. ಅವರಿಗಿಂತ ಮೊದಲಿನ ಎಸೆತಗಾರರು ಸಾಮಾನ್ಯವಾಗಿ ಎಸೆಯುವ ದಿಕ್ಕಿಗೆ ಪಕ್ಕವಾಗಿ ನಿಂತು ಕುಪ್ಪಳಿಸಿ ಬರುತ್ತಿದ್ದರು. ಓಬ್ರಿಯನ್ ಪೂರ್ತಿ ಬೆನ್ನು ತಿರುಗಿಸಿ ನಿಂತರು. ಹಾಗೆ ನಿಂತದ್ದರಿಂದ ದೇಹ 180 ಡಿಗ್ರಿ ತಿರುಗುತ್ತ ಬರುವಷ್ಟು ದೂರದವರೆಗೂ ಗುಂಡಿನ ಮೇಲೆ ಬಲ ಹಾಕಲು ಸಾಧ್ಯವಾಯಿತು. 1952ರ ಹೆಲ್ಸಿಂಕಿ ಮತ್ತು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗಳಲ್ಲಿ ಅವರಿಗೆ ಚಿನ್ನ ಸಿಕ್ಕಿತು. 1954ರಲ್ಲಿ 60 ಅಡಿಯ ಗೆರೆಯನ್ನು ಮೊದಲು ದಾಟಿದವರೂ ಅವರೇ. 1976ರಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಬಾರಿಶ್ನಿಕೋವ್ ಸುತ್ತು ಹಾಕಿ ಎಸೆಯುವ ಕ್ರಮದಲ್ಲಿ 22.00 ಮೀಟರಿನ ವಿಶ್ವದಾಖಲೆ ಮಾಡಿದ ಮೇಲೆ ಪುರುಷರು ನಿಧಾನವಾಗಿ ಆ ಕಡೆಗೆ ವಾಲಿದರು. ಇಂದಿನ ವಿಶ್ವದಾಖಲೆಯಾದ ರಯಾನ್ ಕ್ರೌಸರ್ ಅವರ 23.56 ಮೀಟರ್ ಸಹ ಸುತ್ತಿನ ಕ್ರಮದ್ದೇ. ಹಾಗೆಂದು ಗ್ಲೈಡ್ ಹಳೆಯದಾಯಿತು ಎನ್ನುವುದು ಅವಸರದ ಮಾತು. 23 ಮೀಟರನ್ನು ಮೊತ್ತಮೊದಲು ದಾಟಿದ ಉಲ್ಫ್ ಟಿಮ್ಮರ್‌ಮನ್ (1988, 23.06 ಮೀಟರ್) ಗ್ಲೈಡ್ ಮಾಡಿದವರು. ಮಹಿಳೆಯರಲ್ಲಿ ನ್ಯೂಜಿಲೆಂಡಿನ ವ್ಯಾಲರಿ ಆಡಮ್ಸ್ ಎರಡು ಒಲಿಂಪಿಕ್ ಚಿನ್ನ ಗಳಿಸಿದ್ದು, ಚೀನಾದ ಗಾಂಗ್ ಲಿಜಿಯಾವ್ ಟೋಕಿಯೋದಲ್ಲಿ 20.58 ಮೀಟರ್ ಎಸೆದು ಗೆದ್ದದ್ದು ಗ್ಲೈಡ್‌ನಿಂದಲೇ. ಹೊಸದಾಗಿ ಕಲಿಯುವವರಿಗಂತೂ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲವೆಂದೇ ನನ್ನ ಅಭಿಪ್ರಾಯ.

ಗ್ಲೈಡ್ ಸುಧಾರಿಸಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಅದನ್ನು ಇನ್ನಷ್ಟು ಜೋರಾಗಿ ಮಾಡುವುದು. ಈ ಆಲೋಚನೆ ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಚಿಕ್ಕ ಲೆಕ್ಕ ತೋರಿಸಿಕೊಡುತ್ತದೆ. ನಿಂತಲ್ಲಿಂದಲೇ ನೂಕಿದಾಗ ಗುಂಡು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಕೈಬಿಡುತ್ತದೆ ಎಂದುಕೊಳ್ಳೋಣ. ಗ್ಲೈಡ್ ಮಾಡಿದಾಗ ಅಂತಿಮ ನೂಕಿಗೆ ಮೊದಲೇ ಗುಂಡಿಗೆ ಸೆಕೆಂಡಿಗೆ 2.5 ಮೀಟರ್ ವೇಗ ಬಂದಿದ್ದರೆ, ಒಟ್ಟು 14.5 ಆಗಬೇಕಲ್ಲವೇ? ಆಗುವುದಿಲ್ಲ. ಅಂತಿಮ ಹಂತದಲ್ಲಿ ದೇಹ ಗುಂಡಿನ ಮೇಲೆ ಒಂದು ಗೊತ್ತಾದ ದೂರದವರೆಗೆ ಮಾತ್ರ ಬಲ ಹಾಕಬಲ್ಲದು, ಮತ್ತು ಆ ಬಲ ಹಾಗೂ ದೂರಗಳ ಗುಣಲಬ್ಧವೇ ಗುಂಡಿಗೆ ಸೇರುವ ಶಕ್ತಿ. ಮೊದಲೇ ಚಲಿಸುತ್ತಿರುವ ಗುಂಡು ಆ ದೂರವನ್ನು ಬೇಗ ದಾಟಿಬಿಡುವುದರಿಂದ ಬಲ ಹಾಕಲು ಸಿಗುವ ಸಮಯ ಕಡಿಮೆಯಾಗುತ್ತದೆ. ಹಾಗಾಗಿ ಇಲ್ಲಿ ವೇಗಗಳನ್ನು ನೇರವಾಗಿ ಕೂಡುವಂತಿಲ್ಲ, ಅವುಗಳ ವರ್ಗಗಳನ್ನು ಕೂಡಬೇಕು: 144ಕ್ಕೆ 6.25 ಸೇರಿಸಿ ವರ್ಗಮೂಲ ತೆಗೆದರೆ ಬರುವುದು ಸುಮಾರು 12.26. ನೆಲದಿಂದ 2.1 ಮೀಟರ್ ಎತ್ತರದಲ್ಲಿ, 37 ಡಿಗ್ರಿ ಕೋನದಲ್ಲಿ ಬಿಟ್ಟ ಗುಂಡಿಗೆ ಇದನ್ನು ಅನ್ವಯಿಸಿದರೆ 16.5 ಮೀಟರಿನ ಎಸೆತ 17.1 ಮೀಟರ್ ಆಗುತ್ತದೆ. ಲಾಭ ಸುಮಾರು 60 ಸೆಂಟಿಮೀಟರ್.

ಆದರೆ ಪಳಗಿದ ಎಸೆತಗಾರರು ನಿಂತ ಎಸೆತಕ್ಕಿಂತ ಗ್ಲೈಡ್‌ನಿಂದ ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್ ಹೆಚ್ಚು ದೂರ ಪಡೆಯುತ್ತಾರೆ. ಲೆಕ್ಕಕ್ಕೆ ಸಿಗದ ಆ ಉಳಿದ ಪಾಲು ಎಲ್ಲಿಂದ ಬರುತ್ತದೆ ಎಂಬುದೇ ಗ್ಲೈಡ್‌ನ ತಿರುಳು. ಜಾರಿ ಬಂದು ಬಲಗಾಲಿನ ಮೇಲೆ ಇಳಿದಾಗ ಮೈಭಾರಕ್ಕೆ ತೊಡೆಯ ಸ್ನಾಯುಗಳು ಕ್ಷಣಕಾಲ ಹಿಗ್ಗಿ ಬಿಗಿಯುತ್ತವೆ. ಹೀಗೆ ಹಿಗ್ಗಿದ ಬೆನ್ನಲ್ಲೇ ಸಂಕುಚಿಸುವ ಸ್ನಾಯು, ಸುಮ್ಮನಿದ್ದು ಸಂಕುಚಿಸುವ ಸ್ನಾಯುವಿಗಿಂತ ಹೆಚ್ಚು ಬಲ ಕೊಡುತ್ತದೆ. ಕಾಲು ಮತ್ತು ಸೊಂಟ ಮುಂದಕ್ಕೆ ತಿರುಗತೊಡಗಿದರೂ ಭುಜಗಳು ಇನ್ನೂ ಹಿಂದಕ್ಕೇ ಉಳಿದಿದ್ದರೆ, ನಡುವಿನ ಮೈ ಹಿಂಡಿದ ಬಟ್ಟೆಯಂತೆ ಸುರುಳಿಯಾಗಿ, ಅದು ಬಿಚ್ಚಿಕೊಳ್ಳುವಾಗಿನ ಶಕ್ತಿಯೂ ಗುಂಡಿಗೆ ಸೇರುತ್ತದೆ. ಜೊತೆಗೆ ಗುಂಡು ತಗ್ಗಿನಲ್ಲಿ, ಬಲಗಾಲಿಗಿಂತಲೂ ಹಿಂದೆ ಇರುವುದರಿಂದ ನೂಕುವ ಹಾದಿಯೂ ಉದ್ದವಾಗುತ್ತದೆ. ಈ ಮೂರೂ ಗ್ಲೈಡ್‌ನ ವೇಗಕ್ಕಿಂತ ಹೆಚ್ಚಾಗಿ ಅದು ಮುಗಿದಾಗ ದೇಹ ಇರುವ ಭಂಗಿಯನ್ನು ಅವಲಂಬಿಸಿವೆ. ತರಬೇತುದಾರರು ಆ ಭಂಗಿಯನ್ನು ಪವರ್ ಪೊಸಿಷನ್ ಎನ್ನುತ್ತಾರೆ. ಅತಿ ವೇಗವಾಗಿ ಬಂದು, ನೆಟ್ಟಗೆ ನಿಂತು, ಭುಜ ತೆರೆದುಕೊಂಡು ಮುಗಿಸಿದ ಗ್ಲೈಡ್ ಕೆಲವೊಮ್ಮೆ ನಿಂತ ಎಸೆತಕ್ಕಿಂತಲೂ ಕಡಿಮೆ ದೂರ ಕೊಡುವುದಕ್ಕೆ ಇದೇ ಕಾರಣ.

ಚಲನೆಯ ಆರಂಭಕ್ಕೆ ಬರೋಣ. ಬಲಗೈಯವರನ್ನು ಇಟ್ಟುಕೊಂಡು ವಿವರಿಸುತ್ತೇನೆ. ಎಡಗೈಯವರು ಎಡಬಲ ಬದಲಿಸಿಕೊಳ್ಳಬೇಕು. ವೃತ್ತದ ಹಿಂಬದಿಯಲ್ಲಿ ಬಲಗಾಲಿನ ಮೇಲೆ ನಿಂತು, ಮೈಯನ್ನು ಮುಂದಕ್ಕೆ ಬಾಗಿಸಿ, ಎಡ ಮೊಣಕಾಲನ್ನು ಬಲ ಮೊಣಕಾಲಿನ ಹತ್ತಿರಕ್ಕೆ ತಂದ ಮೇಲೆ ಬಹಳಷ್ಟು ಮಂದಿ ಅಲ್ಲಿಂದಲೇ ಜಿಗಿಯುತ್ತಾರೆ. ಮೈಭಾರ ಇನ್ನೂ ಬಲಪಾದದ ನೇರಕ್ಕೆ ಇರುವಾಗ ಕಾಲು ಒತ್ತಿದರೆ ದೇಹ ಮೇಲಕ್ಕೆ ಹೋಗುವುದೇ ಹೊರತು ಸ್ಟಾಪ್ ಬೋರ್ಡಿನ ಕಡೆಗಲ್ಲ. ಮೊದಲು ಸೊಂಟ ಹಿಂದಕ್ಕೆ, ಎಂದರೆ ಎಸೆಯುವ ದಿಕ್ಕಿಗೆ, ಕುರ್ಚಿಯ ಮೇಲೆ ಕೂರಲು ಹೋದವರಂತೆ ಬೀಳತೊಡಗಬೇಕು. ಸಮತೋಲನ ತಪ್ಪಿದ ಆ ಗಳಿಗೆಯಲ್ಲಿ ಎಡಗಾಲನ್ನು ಸ್ಟಾಪ್ ಬೋರ್ಡಿನ ಬುಡದತ್ತ ತಗ್ಗಾಗಿ ಚಾಚುತ್ತ, ಬಲಗಾಲಿನಿಂದ ನೆಲವನ್ನು ಒತ್ತಬೇಕು. ಎತ್ತರಕ್ಕೆ ನೆಗೆದವರು ಅಷ್ಟೇ ಎತ್ತರದಿಂದ ಬೀಳುತ್ತಾರೆ. ಆಗ ಬಲಗಾಲಿನ ಬಲವೆಲ್ಲ ಆ ಕೆಳಮುಖ ವೇಗವನ್ನು ತಡೆಯುವುದಕ್ಕೇ ಖರ್ಚಾಗಿ ಹೋಗುತ್ತದೆ.

ನಂತರದ ಕೆಲಸ ಅತ್ಯಂತ ಕಷ್ಟದ್ದು: ನೆಲ ಬಿಟ್ಟ ಬಲಗಾಲನ್ನು ಮೈಯ ಕೆಳಕ್ಕೆ ಎಳೆದುಕೊಳ್ಳುವುದು, ಮತ್ತು ಎಳೆಯುವಾಗಲೇ ಪಾದವನ್ನು ಒಳಕ್ಕೆ ತಿರುಗಿಸುವುದು. ಪಾದ ವೃತ್ತದ ಮಧ್ಯದ ಆಸುಪಾಸಿನಲ್ಲಿ ಇಳಿಯುವಾಗ ಅದರ ಮುಂಭಾಗ ಮಾತ್ರ ನೆಲಕ್ಕೆ ತಾಗಬೇಕು, ಹಿಮ್ಮಡಿ ಎತ್ತಿರಬೇಕು, ದಿಕ್ಕು ಎಸೆತಕ್ಕೆ ಅಡ್ಡವಾಗಿ ಅಥವಾ ಸ್ವಲ್ಪ ಹಿಂದಕ್ಕೆ ಇರಬೇಕು. ಪೂರ್ತಿ ಹಿಂದಕ್ಕೆ ನೋಡುತ್ತ, ಹಿಮ್ಮಡಿ ಊರಿ ಇಳಿದ ಪಾದ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅದು ತಿರುಗದಿದ್ದರೆ ಮೊಣಕಾಲು ತಿರುಗದು, ಮೊಣಕಾಲು ತಿರುಗದಿದ್ದರೆ ಸೊಂಟವೂ ತಿರುಗದು. ಕೊನೆಗೆ ಉಳಿಯುವುದು ಬರಿಯ ಕೈಯ ನೂಕು. ಎಸೆತಗಾರರ ಬಲಪಾದವನ್ನಷ್ಟೇ ನೋಡಿದರೂ ಉಳಿದದ್ದರ ಬಹುಪಾಲು ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಬಲಗಾಲು ಇಳಿದ ಗಳಿಗೆಯಿಂದ ಎಡಗಾಲು ಇಳಿಯುವವರೆಗೆ ಗುಂಡನ್ನು ಮುಂದಕ್ಕೆ ತಳ್ಳುವಂಥ ಆಧಾರ ದೇಹಕ್ಕೆ ಇರುವುದಿಲ್ಲ. ಗುಂಡಿನ ವೇಗವನ್ನು ಗೆರೆಯಾಗಿ ಬರೆದರೆ ಅದು ಗ್ಲೈಡ್‌ನಲ್ಲಿ ಏರಿ, ಇಲ್ಲಿ ತಗ್ಗಿ, ಅಂತಿಮ ನೂಕಿನಲ್ಲಿ ಮತ್ತೆ ಕಡಿದಾಗಿ ಏರುತ್ತದೆ. ಈ ತಗ್ಗು ಚಿಕ್ಕದಿದ್ದಷ್ಟೂ ಒಳ್ಳೆಯದು, ಅದು ಚಿಕ್ಕದಾಗಬೇಕಾದರೆ ಎಡಪಾದ ಬಲಪಾದದ ಬೆನ್ನಿಗೇ ನೆಲ ಮುಟ್ಟಬೇಕು. ಇದನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಗುರುತಿಸುತ್ತದೆ: ಎರಡು ಪಾದಗಳ ಸದ್ದು ಹೆಚ್ಚುಕಡಿಮೆ ಒಂದಕ್ಕೊಂದು ಅಂಟಿದಂತೆ ಕೇಳಿಸಬೇಕು. ಎಡಪಾದ ಇಳಿಯುವ ಜಾಗವೂ ಮುಖ್ಯ. ಅದು ಬಲಪಾದದ ಗೆರೆಗಿಂತ ತುಸು ಎಡಕ್ಕೆ, ಬಲ ಹಿಮ್ಮಡಿ ಮತ್ತು ಎಡಪಾದದ ತುದಿ ಒಂದೇ ಸಾಲಿಗೆ ಬರುವಂತೆ ಇದ್ದರೆ ಸೊಂಟಕ್ಕೆ ತಿರುಗಲು ದಾರಿ ಇರುತ್ತದೆ. ತೀರ ಬಲಕ್ಕೆ ಬಂದರೆ ಸೊಂಟ ಕಟ್ಟಿಕೊಳ್ಳುತ್ತದೆ. ತೀರ ಎಡಕ್ಕೆ ಹೋದರೆ ತಡೆದು ನಿಲ್ಲಿಸುವ ಗೂಟವೇ ಇಲ್ಲದಂತಾಗುತ್ತದೆ. ಎಡಗಾಲು ಗಟ್ಟಿಯಾಗಿ ನಿಂತು ನೆಟ್ಟಗಾದಾಗ ಮೈಯ ಕೆಳಭಾಗ ತಟ್ಟನೆ ತಡೆಯಲ್ಪಟ್ಟು, ಅದರ ಸಂವೇಗ ಮೇಲ್ಭಾಗಕ್ಕೂ ಗುಂಡಿಗೂ ದಾಟುತ್ತದೆ.

ಭುಜಗಳ ವಿಷಯ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ಮೈ ಮುಂದಕ್ಕೆ ಹೋಗುತ್ತಿರುವಾಗ ಹೋಗುವ ಕಡೆ ನೋಡಬೇಕೆನಿಸುವುದು ಸಹಜ, ಆದರೆ ತಲೆ ತಿರುಗಿದ ಕೂಡಲೇ ಭುಜ ತಿರುಗುತ್ತದೆ, ಸುರುಳಿ ಕಟ್ಟುವ ಮೊದಲೇ ಬಿಚ್ಚಿಹೋಗುತ್ತದೆ. ವೃತ್ತದ ಹಿಂದೆ ಕೆಲವು ಮೀಟರ್ ದೂರದಲ್ಲಿ ಒಂದು ಗುರುತು ಇಟ್ಟು, ಎಡಪಾದ ನೆಲ ಮುಟ್ಟುವವರೆಗೂ ಅದರ ಮೇಲಿನ ನೋಟ ಕೀಳದಿರುವುದು ಹಳೆಯದಾದರೂ ಫಲ ಕೊಡುವ ಉಪಾಯ. ಜೊತೆಗಾರರು ಹಿಂದೆ ನಿಂತು ಟವೆಲಿನ ಒಂದು ತುದಿ ಹಿಡಿದು, ಇನ್ನೊಂದನ್ನು ಎಸೆತಗಾರರ ಎಡಗೈಗೆ ಕೊಟ್ಟು ಗ್ಲೈಡ್ ಮಾಡಿಸಿದರೆ ಭುಜ ಹಿಂದೆ ಉಳಿಯುವ ಅನುಭವ ಮೈಗೆ ಹತ್ತುತ್ತದೆ.

ಕೈಬಿಡುವ ಕೋನದ ಬಗ್ಗೆ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಗುಂಡು ನೆಲಕ್ಕಿಂತ ಮೇಲಿನಿಂದ ಹೊರಡುವುದರಿಂದ ಗಣಿತ ಹೇಳುವ ಉತ್ತಮ ಕೋನ 45 ಡಿಗ್ರಿಯಲ್ಲ, 42ರ ಹತ್ತಿರ. ಆದರೆ ಶ್ರೇಷ್ಠ ಎಸೆತಗಾರರು ಅದಕ್ಕಿಂತಲೂ ತಗ್ಗಾಗಿ, ಸಾಮಾನ್ಯವಾಗಿ 31ರಿಂದ 39 ಡಿಗ್ರಿಯೊಳಗೆ ಬಿಡುತ್ತಾರೆ. ಮನುಷ್ಯನ ಎದೆ ಮತ್ತು ತೋಳು ಮೇಲಕ್ಕೆ ತಳ್ಳುವುದಕ್ಕಿಂತ ಮುಂದಕ್ಕೆ ತಳ್ಳುವಾಗ ಹೆಚ್ಚು ಬಲಶಾಲಿ. ಕೋನ ಏರಿದಂತೆ ವೇಗ ಇಳಿಯುತ್ತದೆ. ಸೆಕೆಂಡಿಗೆ 13 ಮೀಟರ್ ವೇಗದಲ್ಲಿ 37ರಿಂದ 42 ಡಿಗ್ರಿಗೆ ಏರಿಸಿದರೆ ಸಿಗುವುದು ಸುಮಾರು 20 ಸೆಂಟಿಮೀಟರ್; ಆ ಪ್ರಯತ್ನದಲ್ಲಿ ಸೆಕೆಂಡಿಗೆ 0.1 ಮೀಟರಿನಷ್ಟು ವೇಗ ಹೋದರೂ ಆ ಲಾಭ ಪೂರ್ತಿ ಕರಗುತ್ತದೆ. ಅದೇ ವೇಗವನ್ನು 13ರಿಂದ 13.5ಕ್ಕೆ ಏರಿಸಿದರೆ ಎಸೆತ 1.3 ಮೀಟರ್ ಉದ್ದವಾಗುತ್ತದೆ. ಹಾಗಾಗಿ ಕೋನವನ್ನು ಕೈಯಿಂದ ತಿದ್ದಲು ಹೋಗದೆ, ಕಾಲುಗಳು ಎತ್ತಿಕೊಟ್ಟ ದಿಕ್ಕಿಗೆ ಗುಂಡನ್ನು ಬಿಡುವುದೇ ಸರಿ.

ಅಭ್ಯಾಸದ ಕ್ರಮವನ್ನು ಹಿಂದಿನಿಂದ ಮುಂದಕ್ಕೆ ಕಟ್ಟುವುದು ವಾಸಿ. ಮೊದಲು ಪವರ್ ಪೊಸಿಷನ್‌ನಿಂದ ನಿಂತ ಎಸೆತ ಗಟ್ಟಿಯಾಗಲಿ. ಏಕೆಂದರೆ ಎಲ್ಲಿಗೆ ಇಳಿಯಬೇಕೆಂದು ಮೈಗೆ ಗೊತ್ತಿಲ್ಲದಿದ್ದರೆ ಜಾರುವುದನ್ನು ಕಲಿತು ಪ್ರಯೋಜನವಿಲ್ಲ. ಬಳಿಕ ಗುಂಡಿಲ್ಲದೆ, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಗ್ಲೈಡ್ ಮಾಡಿ ಅಲ್ಲಿಯೇ ನಿಂತುಬಿಡಬೇಕು. ನಿಂತ ಜಾಗದಲ್ಲಿ ಬಲಪಾದದ ದಿಕ್ಕು, ಎಡಪಾದದ ಜಾಗ, ಬಲಗಾಲಿನ ಮೇಲೆ ಉಳಿದಿರುವ ಭಾರ, ಇನ್ನೂ ಹಿಂದಕ್ಕೆ ನೋಡುತ್ತಿರುವ ಎದೆ, ಇವನ್ನು ಒಂದೊಂದಾಗಿ ನೋಡಿಕೊಂಡು, ಸರಿಯಿಲ್ಲದಿದ್ದರೆ ಮತ್ತೆ ಹಿಂದಿನಿಂದ ಬರಬೇಕು. ಇದು ಸರಾಗವಾದ ಮೇಲೆ ಹಗುರ ಗುಂಡು, ಆಮೇಲೆ ಸ್ಪರ್ಧೆಯ ಗುಂಡು. ಪಕ್ಕದಿಂದ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು, ಎಡಪಾದ ನೆಲ ಮುಟ್ಟಿದ ಚಿತ್ರದಲ್ಲಿ ನಿಲ್ಲಿಸಿದಾಗ ಗುಂಡು ಇನ್ನೂ ಬಲಪಾದದ ಹಿಂದೆಯೇ ಕಂಡರೆ, ಜಾರಿ ಬಂದದ್ದು ಸಾರ್ಥಕವಾಗಿದೆ. ಅದು ಆಗಲೇ ಎರಡು ಪಾದಗಳ ನಡುವೆ ಬಂದಿದ್ದರೆ, ಸ್ಪರ್ಧೆಯ ಗುಂಡನ್ನು ಕೆಳಗಿಟ್ಟು ಸುಣ್ಣದ ಗೆರೆಗೆ ಮರಳಬೇಕು.