ಕವಿತೆಯ ಕ್ರಿಯಾಪದವನ್ನು ಒಮ್ಮೆ ನೋಡಿಕೊಳ್ಳಿ

ದೀರ್ಘ ಕಾಯಿಲೆಯವರ ಮನೆಮಂದಿಗೆ ಬೆಂಗಳೂರಿನಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಮೇಜಿಗೆ ಸ್ಕ್ಯಾನಿಂಗ್ ವರದಿಗಳ ಜೊತೆಗೆ ಕವಿತೆಗಳೂ ಬರುತ್ತವೆ. ಕೀಮೋಥೆರಪಿಯ ಸರದಿಗೆ ಕಾಯುತ್ತ ಮೊಬೈಲಿನಲ್ಲಿ ಬರೆದವು, ಔಷಧಿ ಅಂಗಡಿಯ ಬಿಲ್ಲಿನ ಹಿಂದೆ ಗೀಚಿದವು, ಪ್ರಾಸಕ್ಕಾಗಿ ರಾತ್ರಿಯಿಡೀ ತಿಣುಕಿದವು. ಅವುಗಳ ಕಾವ್ಯಗುಣವನ್ನು ಅಳೆಯುವ ಅರ್ಹತೆ ನನಗಿಲ್ಲ. ನನ್ನ ತಾಳ್ಮೆ ಕೆಡಿಸುವುದು ಒಂದೇ ಸಂಗತಿ: ಬದುಕಿರುವವರ ಬಗ್ಗೆ ಭೂತಕಾಲದಲ್ಲಿ ಬರೆಯುವುದು.

ಗುರುತು ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ತ್ಯಾಗರಾಜನಗರದ ಒಬ್ಬರು, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ತಾಯಿಯ ಹುಟ್ಟುಹಬ್ಬದಂದು, ನೆಂಟರೆಲ್ಲರ ಎದುರು ತಮ್ಮ ಕವಿತೆಯನ್ನು ಓದಿದರು. ಅದರಲ್ಲಿ ಅಮ್ಮ ಹಾಡುತ್ತಿದ್ದಳು, ಹೂ ಕಟ್ಟುತ್ತಿದ್ದಳು, ಮನೆಯ ಬೆಳಕಾಗಿದ್ದಳು. ಎಲ್ಲರೂ ಅತ್ತರು, ಆ ಕಣ್ಣೀರನ್ನು ಅವರು ಮೆಚ್ಚುಗೆಯೆಂದೇ ಭಾವಿಸಿದರು. ತಾಯಿ ಮಾತ್ರ, “ಮೊನ್ನೆ ಶುಕ್ರವಾರವೂ ಹಾಡಿದೆನಲ್ಲೋ, ನಿನಗೆ ಕೇಳಿಸಲಿಲ್ಲವೇ?” ಎಂದರಂತೆ. ಮೂರು ವಾರಗಳ ನಂತರ ಅವರು ನನ್ನ ಬಳಿ ಬಂದದ್ದು, ಅಮ್ಮ ಹಾಡುವುದನ್ನು ನಿಲ್ಲಿಸಿದ್ದಾರೆ, ಇದು ಖಿನ್ನತೆಯೇ ಎಂದು ಕೇಳಲು.

ಬರೆಯುವವರಿಗೆ ಇದು ವ್ಯಾಕರಣದ ಚಿಕ್ಕ ವಿಷಯವೆನ್ನಿಸುತ್ತದೆ; ಕೇಳುವ ರೋಗಿಗೆ ಹಾಗಲ್ಲ. ಕನ್ನಡದಲ್ಲಂತೂ ಇನ್ನೂ ಸೂಕ್ಷ್ಮವಾದ ಒಂದು ಅಪಾಯವಿದೆ. ‘ನಗಲಿಲ್ಲ’ ಎಂದರೆ ಆಗ ನಗಲಿಲ್ಲ, ಅಷ್ಟೆ. ಆದರೆ ಕವಿತೆಗೆ ಗಾಂಭೀರ್ಯ ಬರಲೆಂದು ಹಳೆಯ ನಿಷೇಧರೂಪವನ್ನು ಹಿಡಿದು ‘ನಗಳು, ನುಡಿಯಳು’ ಎಂದು ಬರೆದರೆ, ಆ ರೂಪಕ್ಕೆ ಕಾಲವೇ ಇಲ್ಲ. ಇವತ್ತು ಮಧ್ಯಾಹ್ನ ನೋವಿನಿಂದ ನಗದೇ ಇದ್ದವರು ಆ ಒಂದು ಪದದಲ್ಲಿ ಎಂದೆಂದಿಗೂ ನಗದವರಾಗಿಬಿಡುತ್ತಾರೆ.

ಹೀಗೆ ಬರೆಯುವವರು ಕಟುಕರಲ್ಲ, ಹೆದರಿದವರು. ಅಮೆರಿಕದ ಮನೋವೈದ್ಯ ಎರಿಕ್ ಲಿಂಡೆಮನ್ 1944ರ ತಮ್ಮ ಲೇಖನದಲ್ಲಿ, ಸಾವಿಗೆ ಮೊದಲೇ ಮೊದಲಾಗುವ ಶೋಕವನ್ನು ಗುರುತಿಸಿದ್ದರು. ಯುದ್ಧಕ್ಕೆ ಹೋದ ಗಂಡ ಸತ್ತೇ ಹೋಗುವನೆಂದು ಅತ್ತು ಮುಗಿಸಿದ ಹೆಂಡತಿಗೆ, ಅವನು ಜೀವಂತ ಮರಳಿದಾಗ ಪ್ರೀತಿಯೇ ಉಳಿದಿರಲಿಲ್ಲವೆಂಬ ಪ್ರಸಂಗ ಅದರಲ್ಲಿದೆ. ನನ್ನ ಮೇಜಿಗೆ ಬರುವ ಎಷ್ಟೋ ಕವಿತೆಗಳು ಆ ದಾರಿಯಲ್ಲೇ ಹೊರಟಿರುತ್ತವೆ.

ಹಾಗೆಂದು ಬರೆಯಲೇಬಾರದೆಂದು ನಾನು ಹೇಳುತ್ತಿಲ್ಲ. 1986ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಶೋಧಕರಾದ ಪೆನ್ನೆಬೇಕರ್ ಮತ್ತು ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಆಘಾತಗಳ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿದರೂ, ಮುಂದಿನ ತಿಂಗಳುಗಳಲ್ಲಿ ಅವರಲ್ಲಿ ಕೆಲವರು ವೈದ್ಯರ ಬಳಿಗೆ ಹೋದದ್ದು ಕಡಿಮೆ. ನಂತರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ ಪ್ರಯೋಜನ ಸಣ್ಣದೇ, ಹಾಗಾಗಿ ನಾನು ಇದನ್ನು ಚಿಕಿತ್ಸೆಯೆಂದು ಕರೆಯುವುದಿಲ್ಲ. ನಿದ್ದೆ, ಊಟ ಬಿಟ್ಟವರು ಮೊದಲು ಮನೋವೈದ್ಯರನ್ನು ಕಾಣಬೇಕು. ಆದರೆ ಆ ವಿದ್ಯಾರ್ಥಿಗಳು ಬರೆದದ್ದು ಮನೆಯವರೆದುರು ಓದಲೆಂದಲ್ಲ. ನಿಮ್ಮ ನೋಟುಪುಸ್ತಕದೊಳಗೆ ಯಾವ ಕಾಲದಲ್ಲಾದರೂ ಬರೆಯಿರಿ, ಬೇಕಿದ್ದರೆ ಹರಿದು ಹಾಕಿ. ರೋಗಿಯ ಕಿವಿಗೆ ಬೀಳುವ ಕವಿತೆಯಾದರೆ, ಓದಲೇ ಎಂದು ಅವರನ್ನು ಮೊದಲು ಕೇಳಿ, ಮತ್ತು ಪ್ರತಿ ಕ್ರಿಯಾಪದದ ಕೆಳಗೂ ಒಂದು ಗೆರೆ ಎಳೆದು ನೋಡಿ. ಮರೆವಿನ ಕಾಯಿಲೆಯಿದ್ದವರ ವಿಷಯ ಬೇರೆ; ಅಲ್ಲಿ ಹಳೆಯ ದಿನಗಳೇ ಕೆಲವೊಮ್ಮೆ ಅವರಿಗೆ ಹೆಚ್ಚು ಹತ್ತಿರವಾಗಿರುತ್ತವೆ.

ತ್ಯಾಗರಾಜನಗರದವರು ಎರಡನೆಯ ಸಲ ಬರೆದದ್ದು ಆರೇ ಸಾಲು: ಸಾರಿಗೆ ಉಪ್ಪು ಸಾಲದೆಂದು ಗೊಣಗುವ, ಕಲ್ಯಾಣಿ ರಾಗವನ್ನು ಗುನುಗುವ ಅಮ್ಮ. ಅವರು ತಂದು ತೋರಿಸಿದ ಹಾಳೆಯಲ್ಲಿ ‘ಕಲ್ಯಾಣಿ’ಯನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ ತಾಯಿ ‘ಮೋಹನ’ ಎಂದು ತಿದ್ದಿದ್ದರು.