ಆಲ್ದೋ, ಡಿಸ್ಪೈಟ್, ಹೌಎವರ್: ಅರ್ಥ ಒಂದೇ, ರಚನೆ ಬೇರೆ

ಇಂಗ್ಲಿಷಿನ ಈ ಮೂರು ಪದಗಳಿಗೂ ‘ಆದರೂ’ ಎಂದು ಅರ್ಥ ಬರೆದುಕೊಂಡು ಬಾಯಿಪಾಠ ಮಾಡಿದರೆ ಅರ್ಥವೇನೋ ತಪ್ಪುವುದಿಲ್ಲ, ಆದರೆ ವಾಕ್ಯ ತಪ್ಪುತ್ತದೆ. ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾವು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಿದ್ದುವಾಗ ನನಗೆ ಹೆಚ್ಚಾಗಿ ಕಂಡದ್ದು ಇದೇ ತೊಡಕು.

‘ಮಳೆ ಬಂದರೂ ಕೆರೆ ತುಂಬಲಿಲ್ಲ’ ಎಂಬಲ್ಲಿ ವಿರೋಧದ ಅರ್ಥವನ್ನೆಲ್ಲ ಹೊತ್ತಿರುವುದು ‘ಬಂದರೆ’ ಎಂಬುದಕ್ಕೆ ಸೇರಿದ ‘ಊ’ ಒಂದೇ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಬಿಡಿ ಪದ ಬೇಕು. ಆ ಪದ ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಅನುಸರಿಸಿ ಮುಂದಿನ ರಚನೆ ಬದಲಾಗುತ್ತದೆ. ಆಲ್ದೋ ಸಂಯೋಜಕವಾದ್ದರಿಂದ ಅದರ ಬೆನ್ನಿಗೆ ಕರ್ತೃ, ಕ್ರಿಯಾಪದ ಎರಡೂ ಬರಬೇಕು: ‘ಆಲ್ದೋ ಇಟ್ ರೇನ್ಡ್, ದ ಟ್ಯಾಂಕ್ ಡಿಡ್ ನಾಟ್ ಫಿಲ್.’ ಡಿಸ್ಪೈಟ್ ಪ್ರಿಪೊಸಿಷನ್, ಅಂದರೆ ನಾಮಪದಕ್ಕೆ ಮೊದಲು ಬರುವ ಸಂಬಂಧಸೂಚಕ ಪದ. ಅದಕ್ಕೆ ನಾಮಪದ ಅಥವಾ ‘ಇಂಗ್’ ರೂಪ ಸಾಕು: ‘ಡಿಸ್ಪೈಟ್ ದ ರೇನ್, ದ ಟ್ಯಾಂಕ್ ಡಿಡ್ ನಾಟ್ ಫಿಲ್.’ ಇಲ್ಲಿ ‘ಆಫ್’ ಸೇರಿಸಬಾರದು. ಅದು ‘ಇನ್ ಸ್ಪೈಟ್ ಆಫ್’ ಎಂಬುದಕ್ಕೆ ಮಾತ್ರ ಸೇರಿದ್ದು.

ಹೌಎವರ್ ಕ್ರಿಯಾವಿಶೇಷಣ. ಎರಡು ಪೂರ್ಣ ವಾಕ್ಯಗಳನ್ನು ಬೆಸೆಯುವ ಶಕ್ತಿ ಅದಕ್ಕಿಲ್ಲದ ಕಾರಣ, ‘ಇಟ್ ರೇನ್ಡ್’ ಎಂದ ಮೇಲೆ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಇಟ್ಟು, ಅನಂತರ ಹೌಎವರ್ ಬರೆದು, ಅದರ ಮುಂದೆ ಅಲ್ಪವಿರಾಮ ಹಾಕಬೇಕು. ಅದರ ಹಿಂದೆ ಬರಿಯ ಅಲ್ಪವಿರಾಮವಿಟ್ಟು ಮುಂದುವರಿಯುವುದನ್ನು ಔಪಚಾರಿಕ ಬರವಣಿಗೆಯಲ್ಲಿ ತಪ್ಪೆಂದೇ ಎಣಿಸುತ್ತಾರೆ. ಬಟ್ ಎಂಬುದಕ್ಕೆ ಈ ಕಟ್ಟು ಇಲ್ಲ, ಅಲ್ಪವಿರಾಮವೇ ಸಾಕು. ಹಾಗಾಗಿಯೇ ಬಟ್ ಇದ್ದ ಜಾಗದಲ್ಲಿ ಹೌಎವರ್ ತಂದಿಟ್ಟ ಕೂಡಲೇ ಚಿಹ್ನೆಯನ್ನೂ ಬದಲಿಸಬೇಕಾಗುತ್ತದೆ.

ನಾನೇ ಬಹುಕಾಲ ಮಾಡುತ್ತಿದ್ದ ತಪ್ಪು, ಆಲ್ದೋ ಜೊತೆಗೆ ಬಟ್ ಸೇರಿಸುವುದು. ಗೋಳಗುಮ್ಮಟದ ಬಗ್ಗೆ ಬರೆಯುವಾಗ, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್ ಇದ್ದರೂ ಅದರಡಿ ಒಂದು ಕಂಬವೂ ಇಲ್ಲ ಎಂಬುದನ್ನು ಹೇಳಲು ವಾಕ್ಯದ ಮೊದಲಿಗೆ ಆಲ್ದೋ, ನಡುವೆ ಬಟ್ ಎರಡನ್ನೂ ಹಾಕಿದ್ದೆ. ಕನ್ನಡದ ವಾಕ್ಯದಲ್ಲಿ ‘ಇದ್ದರೂ’ ಎಂದ ಮೇಲೆ ಮತ್ತೆ ‘ಆದರೆ’ ಎನ್ನುವುದಿಲ್ಲವೆಂಬುದು ಹೊಳೆದಾಗ ಬಟ್ ತೆಗೆದುಹಾಕಿದೆ.

ದೇರ್‌ಫೋರ್ (ಆದ್ದರಿಂದ) ಕೂಡ ಹೌಎವರ್ ಪಾಲಿಸುವ ಚಿಹ್ನೆಗಳನ್ನೇ ಪಾಲಿಸುತ್ತದೆ. ಮೋರ್‌ಓವರ್ (ಅಲ್ಲದೆ) ಹಾಗೆಯೇ, ಆದರೆ ಅದು ಬರಿಯ ‘ಮತ್ತು’ ಅಲ್ಲ. ಊರಿಗೆ ರಸ್ತೆ ಬೇಕೆಂದು ಬರೆಯುವ ಅರ್ಜಿಯಲ್ಲಿ ‘ರಸ್ತೆ ಹಾಳಾಗಿದೆ’ ಎಂದ ಮೇಲೆ ‘ಆಂಬುಲೆನ್ಸ್ ಒಳಗೆ ಬರಲಾಗುತ್ತಿಲ್ಲ’ ಎಂಬ, ಅದೇ ಬೇಡಿಕೆಗೆ ಇನ್ನಷ್ಟು ಬಲ ಕೊಡುವ ಕಾರಣವನ್ನು ಹೇಳುವಾಗ ಮೋರ್‌ಓವರ್ ಒಪ್ಪುತ್ತದೆ. ಊರಿನ ಜನಸಂಖ್ಯೆಯನ್ನು ಸುಮ್ಮನೆ ತಿಳಿಸುವಾಗ ಒಪ್ಪುವುದಿಲ್ಲ.